ಕೆರೆ ಬೇಟೆಗೆ ಮೊದಲು ಊರ ಕೆರೆಯ ನಾಟಿ ಮೀನು ದಾಖಲಿಸುವುದು ಹೇಗೆ? ಸೊರಬ, ಸಾಗರ ಕಡೆಯವರು ಹೇಳಿ

ಸೊರಬದ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೊರಬ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ. ಸಹಿ ಹಾಕಲು ಒಬ್ಬರು ಕಡಿಮೆ ಇದ್ದರು ಅಂತ ಕಾಣುತ್ತದೆ. ಸೇರಿದ್ದೇನೆ ಅಂದ ಮೇಲೆ ನೋಡೋಣ ಅಂತ ಜೀವವೈವಿಧ್ಯ ದಾಖಲಾತಿ ಪುಸ್ತಕ ತರಿಸಿಕೊಂಡೆ. ಮೀನಿನ ಪುಟದಲ್ಲಿ ಇದ್ದದ್ದು ಇಷ್ಟು: ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಜಿಲೇಬಿ (ತಿಲಾಪಿಯಾ). ಎಲ್ಲವೂ ಹೊರಗಿನಿಂದ ತಂದು ಬಿಟ್ಟವು. ಈ ಮಣ್ಣಿನ ಮೀನು ಒಂದೂ ಇಲ್ಲ.

ನಮ್ಮ ಕೆರೆ ಕಾಡಿನ ಬುಡದಲ್ಲಿದೆ. ಹಳ್ಳ ಬಂದು ಸೇರುವ ಕಡೆ ಜೌಗು, ಜೊಂಡು. ನಡುವೆ ತಾವರೆ. ಹಿರಿಯರನ್ನು ಕೇಳಿದರೆ ಮುರುಗೋಡು ಅನ್ನುವ ಮೀಸೆ ಮೀನು ಮೊದಲು ಬೇಕಾದಷ್ಟು ಸಿಗುತ್ತಿತ್ತು, ಬಾಳೆ ಮೀನು ಮಳೆಗಾಲದಲ್ಲಿ ಹತ್ತಿ ಬರುತ್ತಿತ್ತು ಅನ್ನುತ್ತಾರೆ. ಈಗ ಸಿಗೋದು ದೊಡ್ಡ ತಲೆಯ ಕ್ಯಾಟ್‌ಫಿಶ್.

ಈ ಮೇ ತಿಂಗಳಲ್ಲಿ ಕೆರೆ ಬೇಟೆ, ಅಂದರೆ ಜನರೆಲ್ಲ ಒಟ್ಟಾಗಿ ಕೆರೆಗಿಳಿದು ಮೀನು ಹಿಡಿಯುವುದು, ಇಟ್ಟಿದ್ದಾರೆ. ಅದಾದ ಮೇಲೆ ಹೂಳೆತ್ತುತ್ತಾರಂತೆ. ಅದಕ್ಕೆ ಮೊದಲು ಕೆರೆಯಲ್ಲಿ ಏನೇನಿದೆ ಅಂತ ಬರೆದಿಡಬೇಕು ಅನ್ನಿಸಿದೆ. ಬೇಟೆ ದಿನವೇ ಎಲ್ಲ ಮೀನೂ ಮೇಲೆ ಬರುತ್ತಲ್ಲ, ಅವತ್ತೇ ನೋಡಿಕೊಂಡರೆ ಸಾಕೇ? ಯಾರ ಅನುಮತಿ ಬೇಕು? ನಮ್ಮ ಹತ್ತಿರ ದುಡ್ಡೂ ಇಲ್ಲ, ಸಾಮಾನೂ ಇಲ್ಲ. ಇನ್ನೊಂದು ತೊಂದರೆ: ನಾನು ನೋಟ್‌ಬುಕ್ ಹಿಡಿದು ಏರಿ ಮೇಲೆ ಹೋದರೆ ಸಾಕು, "ಬೇಟೆ ನಿಲ್ಲಿಸೋಕೆ ಬಂದ್ರಾ ಟೀಚರ್?" ಅಂತ ಕೇಳುತ್ತಾರೆ.

ಕೂಣಿ ಹೊತ್ತವ:

ಮೇಡಂ, ಇಷ್ಟೆಲ್ಲ ಯೋಚನೆ ಯಾಕೆ? ಬೇಟೆ ದಿನ ಏರಿ ಮೇಲೆ ಒಂದು ಕುರ್ಚಿ ಹಾಕಿ ಕೂತ್ಕೊಳ್ಳಿ. ಊರೂರಿಂದ ಜನ ಬಂದಿರ್ತಾರೆ. ಒಂದೇ ಸಲ ಎಲ್ಲರೂ ನೀರಿಗೆ ಇಳಿದರೆ ಕೆರೆ ಪೂರ್ತಿ ಕೆಸರು. ಉಸಿರು ಕಟ್ಟಿ ಮೀನು ತಾನೇ ಮೇಲೆ ಬರುತ್ತೆ. ಹೋಗೋರ ಚೀಲ ಬಿಚ್ಚಿಸಿ ನೋಡಿದ್ರೆ ಆಯ್ತು. ನಾವು ಚಿಕ್ಕಂದಿನಿಂದ ಕೂಣಿ, ಅಂದ್ರೆ ಮೀನು ಹಿಡಿಯೋ ಬಿದಿರು ಬುಟ್ಟಿ, ಹಾಕ್ತಾ ಇದ್ದೀವಿ, ಕೆರೆಯಲ್ಲಿ ಏನಿದೆ ಅಂತ ನಮಗಿಂತ ಚೆನ್ನಾಗಿ ಯಾವ ಸಮೀಕ್ಷೆಯವರಿಗೂ ಗೊತ್ತಿಲ್ಲ.

ತೋಟದಾಚೆ:

ಟೀಚರ್, ಬೇಟೆ ದಿನ ಖಂಡಿತ ಹೋಗಿ. ಆದರೆ ಅದನ್ನೇ ಸಮೀಕ್ಷೆ ಅಂದುಕೊಳ್ಳಬೇಡಿ.

ಕೂಣಿಯನ್ನು ಹತ್ತಿರದಿಂದ ನೋಡಿ. ಬಿದಿರು ಕಡ್ಡಿಗಳ ನಡುವೆ ಬೆರಳು ತೂರುವಷ್ಟು ಸಂದು ಇರುತ್ತದೆ. ಕೆಸರಿಗೆ ಒತ್ತಿ ಹಿಡಿದು, ಮೇಲಿನ ಬಾಯಿಂದ ಕೈ ಹಾಕಿ ತಡಕುತ್ತಾರೆ. ಎರಡು ಇಂಚಿನ ಮೀನು ಆ ಸಂದಿನಲ್ಲಿ ಯಾವಾಗಲೋ ಹೋಗಿರುತ್ತದೆ. ಉಳಿದರೂ ಅದನ್ನು ಯಾರೂ ಚೀಲಕ್ಕೆ ಹಾಕಿಕೊಳ್ಳುವುದಿಲ್ಲ. ಹಾಗಾಗಿ ನಿಮಗೆ ಸಿಗುವ ಪಟ್ಟಿ ಊರವರು ತಿನ್ನುವ ಮೀನಿನದ್ದು, ಕೆರೆಯ ಮೀನಿನದ್ದಲ್ಲ. ನಿಮ್ಮ ದಾಖಲಾತಿ ಪುಸ್ತಕದಲ್ಲಿ ಐದೇ ಹೆಸರು ಇರೋದಕ್ಕೂ ಇದೇ ಕಾರಣ.

ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿ, ಈಗ ಸಾಗರದ ಹತ್ತಿರ ಅಡಿಕೆ ಬೆಳೆದುಕೊಂಡಿದ್ದೇನೆ. ಕೊಯ್ಲು, ಔಷಧಿ ಹೊಡೆಯೋ ದಿನ ಬಿಟ್ಟರೆ ಕೆರೆ ಅಂಚು ಸುತ್ತುವುದು ಹುಚ್ಚು. ಮನೆಯಲ್ಲಿ ಇದಕ್ಕೆ ಬೇರೆ ಹೆಸರಿಟ್ಟಿದ್ದಾರೆ, ಇಲ್ಲಿ ಬರೆಯುವ ಹಾಗಿಲ್ಲ.

ನೀವು ನೋಡಬೇಕಾದ ಜಾಗ ಕೆರೆಯ ನಡು ಅಲ್ಲ. ಅಲ್ಲಿ ಗುತ್ತಿಗೆದಾರರು ಬಿಟ್ಟ ಗೆಂಡೆಗಳದ್ದೇ ರಾಜ್ಯ. ನಾಟಿ ಸಣ್ಣ ಮೀನೆಲ್ಲ ಅಂಚಿನಲ್ಲಿ. ಮೊದಲು ಹಳ್ಳ ಸೇರುವ ಜೌಗು. ಆಮೇಲೆ ಜೊಂಡಿನ ಬುಡ, ತಾವರೆ ಎಲೆಯ ಅಡಿ. ಏರಿಯ ಕಲ್ಲು ಕಟ್ಟಿದ ಸಂದು. ಎಲ್ಲಕ್ಕಿಂತ ಮುಖ್ಯವಾಗಿ ತೂಬಿನ ಕಾಲುವೆ ಮತ್ತು ಕೋಡಿ ಕೆಳಗಿನ ಹಳ್ಳ. ಬೇಸಿಗೆಯಲ್ಲಿ ಕೆರೆ ತಳ ಕಂಡರೂ ತೂಬಿನ ಕೆಳಗೆ ಜಿನುಗುವ ನೀರು ಒಂದು ಗುಂಡಿಯಲ್ಲಿ ನಿಂತಿರುತ್ತದೆ. ಕೆರೆಯಲ್ಲಿ ಕಾಣದ ಮೀನು ಅಲ್ಲಿ ಬದುಕಿರುತ್ತದೆ. ಕೋಡಿ ಹಳ್ಳಕ್ಕೂ ಕೆರೆಗೂ ಮಳೆಗಾಲದ ನಂಟು. ಮೊದಲ ಜೋರು ಮಳೆಗೆ ಮೀನು ಹತ್ತಿ ಬರೋದು ಅದೇ ದಾರಿಯಲ್ಲಿ, ಅಲ್ವಾ?

ಈಗ ಹೇಗೆ ಹಿಡಿಯೋದು ಅಂತ. ಕಬ್ಬಿಣದ ಸರಳು ಬಗ್ಗಿಸಿ ಒಂದು ಕಡೆ ಚಪ್ಪಟೆ ಇರುವ ಬಳೆ ಮಾಡಿಸಿ. ಅದಕ್ಕೆ ಹಳೇ ಸೊಳ್ಳೆಪರದೆ ಹೊಲಿದು, ಉದ್ದ ಕೋಲು ಕಟ್ಟಿ. ಚಪ್ಪಟೆ ಭಾಗವನ್ನು ನೆಲಕ್ಕೆ ಒತ್ತಿ ಹಿಡಿದು, ಎದುರಿನ ಹುಲ್ಲಿನ ಬುಡವನ್ನು ಕಾಲಿನಿಂದ ತುಳಿದು ಕಲಕಿ, ಮೇಲೆತ್ತಿ. ಬಿಳಿ ಪ್ಲಾಸ್ಟಿಕ್ ಟ್ರೇಗೆ ಸುರಿದು ಅಲುಗಾಡಿಸದೆ ನೋಡಿ. ಮೊದಲು ಬರೀ ಕಸ. ಸ್ವಲ್ಪ ಹೊತ್ತಿಗೆ ಕಸದೊಳಗಿಂದ ಸೀಗಡಿ ಚಿಮ್ಮುತ್ತದೆ, ನೀರುತಿಗಣೆ ಓಡುತ್ತದೆ, ಆಮೇಲೆ ಒಂದು ಜೊತೆ ಕಣ್ಣು ಮಾತ್ರ ಈಜಿದ ಹಾಗೆ ಕಾಣುತ್ತದೆ. ಅದು ಗಾಜು ಮೀನು. ಮೈ ಪೂರ್ತಿ ಪಾರದರ್ಶಕ, ಬೆನ್ನೆಲುಬನ್ನು ಲೆಕ್ಕ ಹಾಕಬಹುದು. ಬೇಟೆಗೆ ಬಂದ ಎಷ್ಟೋ ಜನ ಇದನ್ನು ನೋಡೇ ಇಲ್ಲ.

ಸ್ವಲ್ಪ ದೊಡ್ಡ ಮೀನಿಗೆ ಬೀಸು ಬಲೆ ಬೇಕು. ಊರಿನಲ್ಲಿ ಕೈ ಪಳಗಿದವರು ಯಾರಾದರೂ ಇರುತ್ತಾರೆ, ಕೂಣಿ ಹೊತ್ತವರಂಥವರು (ಕೋಪ ಬೇಡ ಅಣ್ಣ). ಬಲೆಯ ಕಣ್ಣಿನ ಅಳತೆ ಬರೆದುಕೊಳ್ಳಿ. ಒಂದು ಜಾಗಕ್ಕೆ ಹತ್ತು ಬೀಸು ಅಂತ ಇಟ್ಟುಕೊಂಡರೆ ಎಲ್ಲ ಜಾಗಕ್ಕೂ ಹತ್ತೇ ಬೀಸು. "ಇಲ್ಲಿ ಏನೂ ಇಲ್ಲ, ಆ ಕಡೆ ಹಾಕೋಣ" ಅಂತ ಬಲೆಯವರು ಹೇಳೇ ಹೇಳುತ್ತಾರೆ. ಬಿಡಬೇಡಿ. ಖಾಲಿ ಬಂದ ಬೀಸನ್ನೂ ಬರೆಯಿರಿ. ಮುಂದಿನ ವರ್ಷ ಇದೇ ಜಾಗದಲ್ಲಿ ಇದೇ ಬಲೆ ಇಷ್ಟೇ ಸಲ ಬೀಸಿದಾಗ ಮೀನು ಜಾಸ್ತಿ ಆಯ್ತೋ ಕಡಿಮೆ ಆಯ್ತೋ ಅಂತ ಹೇಳೋಕೆ ಆ ಸೊನ್ನೆಗಳೇ ಬೇಕಾಗುವುದು.

ಮೀನಿನ ಜೊತೆಗೇ ಜಾಗವನ್ನೂ ಬರೆಯಿರಿ. ಆಳ ಎಷ್ಟು, ತಳ ಕೆಸರೋ ಮರಳೋ, ಯಾವ ಗಿಡ, ನೆರಳಿದೆಯಾ. ನೀರಿನ ತಿಳಿ ಅಳೆಯಲು 20 ಸೆಂಟಿಮೀಟರ್ ಅಗಲದ ಒಂದು ದುಂಡು ತಗಡಿಗೆ ಕಪ್ಪು ಬಿಳುಪು ಕಾಲು ಕಾಲು ಭಾಗ ಬಣ್ಣ ಬಳಿದು, ಗುರುತು ಹಾಕಿದ ಹಗ್ಗ ಕಟ್ಟಿ ಇಳಿಸಿ. ಕಣ್ಣಿಗೆ ಮರೆಯಾಗುವ ಆಳವೇ ನಿಮ್ಮ ಅಳತೆ. ಆಮ್ಲಜನಕ ಪರೀಕ್ಷೆಯ ಹನಿ ಕಿಟ್ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಮಧ್ಯಾಹ್ನ ಮಾಡಿದರೆ ಕೆರೆ ಭಾರೀ ಆರೋಗ್ಯವಾಗಿದೆ ಅನ್ನಿಸುತ್ತದೆ. ಬಿಸಿಲಲ್ಲಿ ಪಾಚಿ, ಗಿಡ ಎಲ್ಲ ಆಮ್ಲಜನಕ ಬಿಡುತ್ತಿರುತ್ತವಲ್ಲ. ರಾತ್ರಿ ಅವೇ ಅದನ್ನು ಉಸಿರಾಡಿ ಮುಗಿಸುತ್ತವೆ. ಬೆಳಗಿನ ಜಾವ ಹೋಗಿ ಅಳೆಯಿರಿ, ಆಗ ನಿಜ ಗೊತ್ತಾಗುತ್ತದೆ.

ಮುರುಗೋಡಿನ ವಿಷಯ ಬೇರೆಯೇ ಹೇಳಬೇಕು. ನಮ್ಮ ಪಶ್ಚಿಮಘಟ್ಟದ್ದು ಕ್ಲಾರಿಯಸ್ ದುಸ್ಸುಮಿಯೆರಿ. ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಪಾಯದ ಅಂಚಿಗೆ ಬಂದದ್ದು ಅಂತ ಇದೆ. ನೀವು ಹೇಳಿದ ಬಾಳೆ ಮೀನು, ವಾಲ್ಲಾಗೊ ಅಟ್ಟು, ಅದಕ್ಕಿಂತ ಒಂದು ಹಂತ ಮುಂದೆ, ಅಪಾಯಕ್ಕೆ ಸಿಕ್ಕಿರುವ ಪಟ್ಟಿಯಲ್ಲೇ ಇದೆ. ದೊಡ್ಡ ತಲೆಯದ್ದು ಆಫ್ರಿಕನ್ ಕ್ಯಾಟ್‌ಫಿಶ್, ಕ್ಲಾರಿಯಸ್ ಗ್ಯಾರಿಪೈನಸ್. ಅದರ ಸಾಕಣೆಯನ್ನು 2000ದಲ್ಲೇ ನಿಷೇಧಿಸಿದ್ದಾರೆ. ಆದರೂ ಎಲ್ಲೆಲ್ಲೂ ಇದೆ. ನಮ್ಮದು ಒಂದು ಗೇಣಿನ ಆಸುಪಾಸಿನ ಮೀನು, ಅದು ಮೀಟರ್ ದಾಟುತ್ತದೆ. ದೊಡ್ಡದಾದರೆ ಗುರುತು ಸುಲಭ. ಗೇಣುದ್ದದ ಮರಿಯೇ ಕಷ್ಟ. ಎರಡಕ್ಕೂ ಎಂಟು ಮೀಸೆ, ಎರಡಕ್ಕೂ ಉದ್ದ ಬೆನ್ನು ರೆಕ್ಕೆ. ವ್ಯತ್ಯಾಸ ಇರುವುದು ತಲೆಬುರುಡೆಯ ಹಿಂಬದಿಯ ಎಲುಬಿನ ಆಕಾರದಲ್ಲಿ, ಆ ಎಲುಬಿಗೂ ಬೆನ್ನು ರೆಕ್ಕೆ ಶುರುವಾಗುವ ಜಾಗಕ್ಕೂ ಇರುವ ಅಂತರದಲ್ಲಿ. ಪಕ್ಕದಿಂದ ಎಷ್ಟು ಚೆಂದದ ಫೋಟೊ ತೆಗೆದರೂ ಇದು ಕಾಣಲ್ಲ. ತಲೆಯ ನೇರ ಮೇಲಿನಿಂದ ಒಂದು, ತಲೆಯ ಅಡಿಯಿಂದ ಒಂದು, ಪಕ್ಕದಿಂದ ಒಂದು. ಮೂರರಲ್ಲೂ ಸ್ಕೇಲ್ ಇರಲಿ. ಒದ್ದೆ ಕೈಯಲ್ಲೇ ಹಿಡಿಯಿರಿ, ಬೇಗ ಬಿಡಿ.

ಅನುಮತಿ: ದೊಡ್ಡ ಕೆರೆಯಾದರೆ ಮೀನು ಹಕ್ಕು ಮೀನುಗಾರಿಕೆ ಇಲಾಖೆಯದ್ದು, ಚಿಕ್ಕದಾದರೆ ಪಂಚಾಯ್ತಿಯದ್ದು. ಯಾರದ್ದೇ ಆಗಲಿ, ಒಂದು ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಗುತ್ತಿಗೆದಾರರಿಗೂ ಬಾಯಿಮಾತಿನಲ್ಲಿ ಹೇಳಿ, ಇಲ್ಲದಿದ್ದರೆ ಕಳ್ಳಬಲೆ ಅಂದುಕೊಳ್ಳುತ್ತಾರೆ. ಕೆರೆ ಅಥವಾ ಹಳ್ಳ ಕಾಯ್ದಿಟ್ಟ ಅರಣ್ಯದೊಳಗೆ ಸೇರಿದ್ದರೆ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಬಲೆ ಹಾಕಬೇಡಿ. ಗುಡವಿಯಂಥ ಪಕ್ಷಿಧಾಮದ ಕೆರೆಯಾದರಂತೂ ಹೇಳಲೇಬೇಕಾಗಿಲ್ಲ, ಅಲ್ಲಿ ಒಪ್ಪಿಗೆ ಪತ್ರ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ.

ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮೊಳಕಾಲಿಗಿಂತ ಆಳಕ್ಕೆ ಬೇಡ. ಚೇಳು ಮೀನು ಕುಟುಕಿದರೆ ತಡೆಯಲಾಗದ ನೋವು. ಸಹಿಸುವಷ್ಟು ಬಿಸಿಯಾದ ನೀರಿನಲ್ಲಿ ಕೈ ಅದ್ದಿಟ್ಟರೆ ಇಳಿಯುತ್ತದೆ, ಆಮೇಲೆ ಆಸ್ಪತ್ರೆಗೆ ತೋರಿಸಿ. ಇನ್ನು ಬೇಸಿಗೆ, ಕಾಡಿನ ಅಂಚು ಅಂದರೆ ಉಣುಗು. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ನಿಮ್ಮ ತಾಲ್ಲೂಕಿನ ಕ್ಯಾಸನೂರಿನಲ್ಲೇ, ನಿಮಗೆ ನಾನು ಹೇಳಬೇಕಾಗಿಲ್ಲ. ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡೇ ಹೊರಡಿ.

ಪಿಪೆಟ್:

ಬೆಂಗಳೂರಿನಲ್ಲಿ ಲ್ಯಾಬ್ ಕೆಲಸ ಮಾಡುತ್ತೇನೆ. ಬಲೆ ಹಾಕದೆಯೇ ನೋಡುವ ದಾರಿ ಇದೆ. ಮೀನಿನ ಲೋಳೆ, ಹುರುಪೆ, ಮಲದಿಂದ ನೀರಿಗೆ ಸೇರುವ ಡಿಎನ್‌ಎಯನ್ನು ಸೋಸಿ ತೆಗೆದು ಯಾವ ಜಾತಿ ಇದೆ ಅಂತ ಹೇಳಬಹುದು. ಇಡಿಎನ್‌ಎ ಅನ್ನುತ್ತಾರೆ. ಮುರುಗೋಡಿನಂಥ ಅಡಗಿ ಕೂರುವ ಮೀನಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ತೋಟದಾಚೆ:

ಪಿಪೆಟ್ ಸರ್, ಒಪ್ಪಿದೆ. ಆದರೆ ನೀರಿನಲ್ಲಿ ಸಿಕ್ಕ ಡಿಎನ್‌ಎಯನ್ನು ಹೋಲಿಸಿ ನೋಡಲು ಆ ಮೀನಿನ ಮಾದರಿ ಮೊದಲೇ ಸಂಗ್ರಹದಲ್ಲಿ ಇರಬೇಕು. ಇಲ್ಲದಿದ್ದರೆ ಹತ್ತಿರದ ಸಂಬಂಧಿಯ ಹೆಸರು ಬರುತ್ತದೆ. ಎಷ್ಟು ಮೀನಿದೆ, ಮರಿಯೋ ದೊಡ್ಡದೋ ಅನ್ನೋದೂ ಅದರಿಂದ ತಿಳಿಯಲ್ಲ. ಬೇಟೆ ಮುಗಿಸಿ ಅಲ್ಲೇ ಮೀನು ಕೊಯ್ದು ತೊಳೆಯುವ ಕೆರೆಯಲ್ಲಿ ಇನ್ನೂ ಗೊಂದಲ. ದುಡ್ಡಿದ್ದರೆ ಮಾಡಿಸಲಿ. ಪಂಚಾಯ್ತಿ ಸಮಿತಿಗೆ ಸದ್ಯಕ್ಕೆ ಸೊಳ್ಳೆಪರದೆ ಸಾಕು.

ಕೂಣಿ ಹೊತ್ತವ:

ಕೋಪ ಏನಿಲ್ಲ ಮಾರಾಯ್ರೆ. ಸಣ್ಣ ಮೀನು ಕೂಣಿಯಲ್ಲಿ ನಿಲ್ಲಲ್ಲ ಅನ್ನೋದು ನಿಜ. ಟೀಚರ್‌ಗೆ ಒಂದು ಮಾತು: ಅನುಮಾನ ಪಡೋರ ಹತ್ತಿರ "ಸಮೀಕ್ಷೆ" ಅನ್ನಬೇಡಿ. ಸಮೀಕ್ಷೆ ಅಂದ್ರೆ ನಮ್ಮ ಕಡೆ ಜನ ಜಮೀನು ಹೋಗುತ್ತೆ ಅಂತಾನೇ ತಿಳ್ಕೋತಾರೆ. "ಹಳೇ ಮೀನು ಯಾವ್ಯಾವುದು ಇತ್ತು ಹೇಳಿ, ಮಕ್ಕಳಿಗೆ ಬರೆಸ್ತೀನಿ" ಅನ್ನಿ. ಕಟ್ಟೆ ಮೇಲೆ ಕೂತವರೆಲ್ಲ ಶುರು ಮಾಡ್ತಾರೆ, ನಿಲ್ಸೋದೇ ಕಷ್ಟ. ಔಲು ಮೀನಿನ ಮರಿ ಕೆಂಪಗೆ ಗುಂಪು ಕಟ್ಟಿಕೊಂಡು ಮೇಲೆ ಬಂದು ಗುಳುಗುಳು ಮಾಡೋದು ಯಾವ ಮೂಲೆಯಲ್ಲಿ ಅಂತ ದನ ಕಾಯೋರನ್ನ ಕೇಳಿ. ಅದಕ್ಕೆ ಬಲೆಯೂ ಬೇಡ.

ಸೊರಬದ ಟೀಚರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೂಣಿ ಹೊತ್ತವರೇ, ನಿಮ್ಮ ಉಪಾಯ ಫಲಿಸಿತು. ಬೇಟೆ ಸಮಿತಿಯ ಹಿರಿಯರೊಬ್ಬರು ತಾವೇ ಬೀಸು ಬಲೆ ತಂದರು. ಪಂಚಾಯ್ತಿಗೆ ಪತ್ರವನ್ನೂ ಕೊಟ್ಟಾಯಿತು.

ಭಾನುವಾರ ಬೆಳಿಗ್ಗೆ ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಹೋಗಿದ್ದೆವು. ತಾವರೆ ಅಂಚಿನಲ್ಲಿ ಗಾಜು ಮೀನು ಸಿಕ್ಕಿತು! ಮಕ್ಕಳು ಟ್ರೇ ಬಿಟ್ಟು ಏಳಲೇ ಇಲ್ಲ. ನೆರಳಿನ ಕಡೆ ನೀರಿನ ಮೇಲ್ಭಾಗದಲ್ಲೇ ನಿಂತಿರುವ ಒಂದು ಸಣ್ಣ ಮೀನು, ಮೇಲಿನಿಂದ ನೋಡಿದರೆ ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆ ಹೊಳೆಯುತ್ತದೆ. ಇನ್ನೊಂದು ಗೆಂಡೆ ಜಾತಿಯದ್ದು, ಬಾಲದ ಹತ್ತಿರ ಒಂದೇ ಕಪ್ಪು ಮಚ್ಚೆ, ಬಾಲದ ಎರಡೂ ತುದಿ ಕಪ್ಪು, ಅದರ ಹಿಂದೆ ಕೆಂಪು. ಏರಿ ಕಡೆ ಹತ್ತು ಬೀಸಿಗೆ ಜಿಲೇಬಿ ಬಿಟ್ಟರೆ ಏನೂ ಇಲ್ಲ.

ತೂಬಿನ ಕೆಳಗಿನ ಗುಂಡಿಯಲ್ಲಿ ಒಂದು ಮೀಸೆ ಮೀನು ಬಂತು. ಗೇಣಿಗಿಂತ ಸ್ವಲ್ಪ ಚಿಕ್ಕದು, ಕಂದು ಮೈ. ಬಲೆ ಹಾಕಿದ ಹಿರಿಯರು ನೋಡಿದ ಕೂಡಲೇ "ಇದೇ ನಮ್ಮ ಮುರುಗೋಡು" ಅಂದರು. ಫೋಟೊ ತೆಗೆಯುವಷ್ಟರಲ್ಲಿ ಎರಡು ಸಲ ಕೈಯಿಂದ ಜಾರಿತು. ಪಕ್ಕದಿಂದ ಒಂದು, ಮೇಲಿನಿಂದ ಒಂದು ಓರೆಯಾಗಿ ಬಂದಿದೆ, ಎರಡನ್ನೂ ಹಾಕಿದ್ದೇನೆ. ಇದು ಅದೇನಾ? ದಾಖಲಾತಿಗೆ ಬರೆಯಬಹುದಾ?

ಹೂಳೆತ್ತುವ ಕೆಲಸದ ಬಗ್ಗೆ ಮುಂದಿನ ಗ್ರಾಮಸಭೆಯಲ್ಲಿ ಮಾತು ಬರುತ್ತದೆ. ಏನು ಕೇಳಬೇಕು ಅಂತಲೂ ಹೇಳಿ. ಹೂಳು ತೆಗೆಯಬೇಡಿ ಅಂದರೆ ಒಪ್ಪುವುದಿಲ್ಲ, ಬೇಸಿಗೆಗೆ ನೀರು ಬೇಕು.

ತೋಟದಾಚೆ:

ನೆತ್ತಿ ಮೇಲೆ ಚುಕ್ಕೆ ಇರುವುದು ಅಪ್ಲೋಕೈಲಸ್. ಸೊಳ್ಳೆ ಮರಿ ತಿಂದು ಬದುಕುವ ಮೀನು, ಮೈ ಮೇಲೆ ಅಡ್ಡ ಪಟ್ಟೆ ಇದ್ದರೆ ಲೀನಿಯೇಟಸ್. ಸೊಳ್ಳೆ ನಿಯಂತ್ರಣಕ್ಕೆ ಅಂತ ಹೊರದೇಶದ ಗಂಬೂಸಿಯಾ ಮೀನು ತಂದು ಬಿಡುತ್ತಾರಲ್ಲ, ಆ ಕೆಲಸವನ್ನು ಇದು ಕೇಳದೆಯೇ ಮಾಡುತ್ತಿದೆ. ಇದನ್ನು ಗ್ರಾಮಸಭೆಯಲ್ಲಿ ಹೇಳಿ, ಜನ ಕೇಳುತ್ತಾರೆ. ಕೆಂಪು ಬಾಲದ್ದು ಡಾಕಿನ್ಸಿಯಾ ಫಿಲಮೆಂಟೋಸಾ. ಗಂಡು ಬಲಿತಾಗ ಬೆನ್ನು ರೆಕ್ಕೆಯಿಂದ ಉದ್ದುದ್ದ ಎಳೆ ಬರುತ್ತದೆ. ಇವೆರಡೂ ಅಪರೂಪದವಲ್ಲ. ಹಾಗಂತ ಬಿಡಬೇಡಿ, ಪುಸ್ತಕಕ್ಕೆ ಸೇರಿಸಿ. ಸಾಮಾನ್ಯ ಅಂತ ಯಾರೂ ಬರೆಯದ ಮೀನು ಹೋದಾಗ, ಹೋಯ್ತು ಅಂತಲೂ ಯಾರಿಗೂ ಗೊತ್ತಾಗಲ್ಲ.

ಮೀಸೆ ಮೀನಿನ ಫೋಟೊ ನೋಡಿದೆ. ನನಗೂ ಅದು ಮುರುಗೋಡೇ ಆಗಿರಲಿ ಅಂತ ಆಸೆ. ಆದರೆ ಮೇಲಿನ ಫೋಟೊ ಓರೆ ಇರುವುದರಿಂದ ತಲೆಯ ಹಿಂದಿನ ಎಲುಬು ಸರಿಯಾಗಿ ಕಾಣುತ್ತಿಲ್ಲ. ಸದ್ಯಕ್ಕೆ "ಕ್ಲಾರಿಯಸ್, ಜಾತಿ ಖಚಿತವಿಲ್ಲ" ಅಂತ ಬರೆದು, ಪಕ್ಕದಲ್ಲಿ ಹಿರಿಯರು ಕರೆದ ಹೆಸರನ್ನು ಅವರು ಹೇಳಿದ ಹಾಗೇ ಬರೆಯಿರಿ. ಅವರ ಕಣ್ಣಿನ ಮೇಲೆ ನನಗೆ ನಂಬಿಕೆ ಇದೆ. ಆದರೂ ಎಲುಬು ನೋಡದೆ ನಾನು ಹೆಸರು ಹಾಕಲಾರೆ. ಮುಂದಿನ ಸಲ ಮೀನನ್ನು ಕೈಯಲ್ಲಿ ಹಿಡಿದು ಒದ್ದಾಡಬೇಡಿ. ನೀರು ತುಂಬಿದ ಚಪ್ಪಟೆ ಗಾಜಿನ ಪೆಟ್ಟಿಗೆ ಮಾಡಿಸಿ, ಮೀನು ಹಿಡಿಸುವಷ್ಟೇ ಅಗಲ. ಅದರೊಳಗೆ ಬಿಟ್ಟರೆ ತಿರುಗಲು ಜಾಗ ಇಲ್ಲದೆ ತಾನೇ ನಿಲ್ಲುತ್ತದೆ. ಮೇಲಿನಿಂದ, ಅಡಿಯಿಂದ, ಪಕ್ಕದಿಂದ ಆರಾಮಾಗಿ ತೆಗೆಯಬಹುದು. ಊರಿನ ಗಾಜಿನ ಅಂಗಡಿಯಲ್ಲಿ ಸಿಲಿಕಾನ್ ಹಾಕಿ ಅಂಟಿಸಿ ಕೊಡುತ್ತಾರೆ.

ಹೂಳಿನ ವಿಷಯ. ಬೇಡ ಅನ್ನಬೇಡಿ. ಎಲ್ಲಿ ತೆಗೆಯಬೇಕು ಅನ್ನೋದಷ್ಟೇ ಕೇಳಿ. ಜೆಸಿಬಿ ಬಂದರೆ ಕೆರೆಯ ಸುತ್ತ ಒಂದೇ ಸಮ ಕಡಿದಾಗಿ ಅಗೆದು ಬಾಣಲೆ ಮಾಡಿ ಹೋಗುತ್ತದೆ. ನೋಡಲು ಚೆಂದ, ನೀರೂ ನಿಲ್ಲುತ್ತದೆ. ಆದರೆ ಮೊಳಕಾಲುದ್ದ ನೀರಿನ ಇಳಿಜಾರು ಅಂಚು ಪೂರ್ತಿ ಹೋಗುತ್ತದೆ. ಮೊಟ್ಟೆ ಇಡಲು, ಮರಿ ಅಡಗಲು ಜಾಗವೇ ಇರಲ್ಲ. ಸಾಗರ ಕಡೆ ಇಂಥ ಕೆರೆಗಳನ್ನು ಬೇಕಾದಷ್ಟು ನೋಡಿದ್ದೇನೆ, ನೀರಿದೆ, ಅಂಚೇ ಇಲ್ಲ. ಅದಕ್ಕೆ ಏರಿಯ ಕಡೆ, ತೂಬಿನ ಮುಂದೆ ಆಳ ಮಾಡಲಿ. ಬೇಸಿಗೆಗೆ ನೀರು ನಿಲ್ಲುವುದೂ ಅಲ್ಲೇ. ಹಳ್ಳ ಸೇರುವ ಕಡೆಯ ಜೌಗು, ಜೊಂಡು ಮುಟ್ಟಬಾರದು. ತೆಗೆದ ಮಣ್ಣನ್ನು ಆ ಜೌಗಿನ ಮೇಲೆ ಸುರಿಯಬಾರದು, ಇದನ್ನು ಬಿಡಿಸಿ ಹೇಳಿ, ಯಾಕೆಂದರೆ ಲಾರಿ ಬಾಡಿಗೆ ಉಳಿಸಲು ಅಲ್ಲೇ ಸುರಿಯುತ್ತಾರೆ. ತೂಬಿನ ಕೆಳಗಿನ ಗುಂಡಿಗೆ ಕಾಂಕ್ರೀಟ್ ಹಾಕುವುದು ಅಂದಾಜು ಪಟ್ಟಿಯಲ್ಲಿದೆಯಾ ಅಂತಲೂ ಕೇಳಿ. ಇದ್ದರೆ ನಿಮ್ಮ ಮೀಸೆ ಮೀನಿನ ಮನೆ ಹೋಯಿತು. ಇಷ್ಟನ್ನು ಜೀವವೈವಿಧ್ಯ ಸಮಿತಿಯ ನಿರ್ಣಯ ಅಂತ ಬರೆದು, ನಡಾವಳಿ ಪುಸ್ತಕದಲ್ಲಿ ನಮೂದು ಮಾಡಿಸಿ, ಪ್ರತಿ ಇಟ್ಟುಕೊಳ್ಳಿ. ಬಾಯಿಮಾತು ಜೆಸಿಬಿ ಶಬ್ದಕ್ಕೆ ಕೇಳಿಸಲ್ಲ.

ಬೇಸಿಗೆಯ ಲೆಕ್ಕ ಇದಾಯಿತು. ಮೊದಲ ಮಳೆಗೆ ಕೋಡಿ ಹಳ್ಳದಲ್ಲಿ ಏನು ಹತ್ತುತ್ತದೆ ಅಂತ ಒಮ್ಮೆ ನೋಡಿ, ಬಾಳೆ ಮೀನು ಇನ್ನೂ ಬರುತ್ತಿದ್ದರೆ ಆಗಲೇ ಗೊತ್ತಾಗುವುದು. ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರ್ ಹೊತ್ತಿಗೆ, ಮರಿಗಳಿಗಾಗಿ ಮತ್ತೊಮ್ಮೆ. ಆಗ ನಾನೂ ಬರುತ್ತೇನೆ, ಕೊಯ್ಲು ಜೋರಾಗುವ ಮೊದಲು ದಿನ ಹೇಳಿ. ಮತ್ತೆ ಒಂದು: ಫೋಟೊ ಇಲ್ಲಿ ಹಾಕುವಾಗ ಕೆರೆಯ ಹೆಸರು, ಮೊಬೈಲಿನ ಲೊಕೇಶನ್ ಎರಡೂ ತೆಗೆದು ಹಾಕಿ.